ಆರ್‌ಒ ಮೆಂಬ್ರೇನ್ ಕಟ್ಟಿದೆಯೇ? ಕಾಸರಗೋಡಿನ ಬಾವಿ ನೀರಿಗೆ ಒಂದು ದೋಷ ನಿವಾರಣೆ ಕೈಪಿಡಿ

ಆರ್‌ಒ ಪ್ಲಾಂಟ್ ಅಂದರೆ ನೀರನ್ನು ಒತ್ತಡದಿಂದ ಮೆಂಬ್ರೇನ್ ಎಂಬ ತೆಳು ಪೊರೆ ದಾಟಿಸಿ ಉಪ್ಪು ತೆಗೆಯುವ ಯಂತ್ರ. ಅದರಲ್ಲಿ ನೀರು ಕಡಿಮೆ ಬಂದ ಕೂಡಲೇ ‘ಮೆಂಬ್ರೇನ್ ಹೋಯ್ತು, ಬದಲಿಸಿ’ ಅನ್ನುವ ಮಾತು ಬರುತ್ತದೆ. ಎಷ್ಟೋ ಸಲ ಮೆಂಬ್ರೇನ್ ಹೋಗಿರುವುದೇ ಇಲ್ಲ. ಮೆಂಬ್ರೇನಿಗೆ ಮೊದಲು ಬರುವ ಕಾರ್ಟ್ರಿಜ್ (ಬದಲಿಸುವ ಫಿಲ್ಟರ್) ಕಟ್ಟಿರುತ್ತದೆ, ಒತ್ತಡದ ಗೇಜ್ ತಪ್ಪು ತೋರಿಸುತ್ತಿರುತ್ತದೆ, ಇಲ್ಲವೇ ಬೇಸಿಗೆಗೆ ಬಾವಿ ನೀರು ಉಪ್ಪಾಗಿರುತ್ತದೆ. ಮೆಂಬ್ರೇನ್ ನಿಜವಾಗಿ ಕಟ್ಟಿದ್ದರೂ ಅದು ಯಾವುದರಿಂದ ಕಟ್ಟಿದೆ ಅಂತ ತಿಳಿಯದೆ ತೊಳೆದರೆ ಇದ್ದದ್ದೂ ಕೆಡುತ್ತದೆ.

ಇದನ್ನು ಬರೆದಿರುವುದು ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆ ಶಾಲೆ, ಕಲ್ಯಾಣಮಂಟಪ, ಫ್ಲ್ಯಾಟ್, ಕ್ಯಾನ್ ನೀರಿನ ಘಟಕಗಳಲ್ಲಿ ಗಂಟೆಗೆ 500ರಿಂದ 1000 ಲೀಟರಿನ ಪ್ಲಾಂಟ್ ನೋಡಿಕೊಳ್ಳುವವರಿಗೆ. ಪ್ಲಾಂಟಿನ ಜೊತೆ ಬರುವ ಪುಸ್ತಕ ಸಾಮಾನ್ಯವಾಗಿ ಬಯಲುಸೀಮೆಯ ಗಡಸು ಬೋರ್ ನೀರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಲ್ಲಿ ಮೆಂಬ್ರೇನಿನ ಶತ್ರು ಸುಣ್ಣ. ನಮ್ಮ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಸುಣ್ಣ ಕಡಿಮೆ, ನೀರು ಸ್ವಲ್ಪ ಹುಳಿ, ಪಿಎಚ್ 6ರ ಆಸುಪಾಸು. ಇಲ್ಲಿ ಮೆಂಬ್ರೇನ್ ಕಟ್ಟುವುದು ಹೆಚ್ಚಾಗಿ ಕಬ್ಬಿಣದಿಂದ, ಮಳೆಗಾಲದ ಕೆಸರಿನಿಂದ, ಲೋಳೆಯಿಂದ. ಹಾಗಾಗಿ ಪರೀಕ್ಷೆಯ ದಾರಿಯೂ ಬೇರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಒಳಭಾಗದ ಬಾವಿ, ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಗುಹೆಯ) ನೀರಿನ ಟಿಡಿಎಸ್ (ಒಂದು ಲೀಟರಿನಲ್ಲಿ ಕರಗಿರುವ ಲವಣಗಳು, ಮಿಲಿಗ್ರಾಂ ಲೆಕ್ಕದಲ್ಲಿ) ಸಾಮಾನ್ಯವಾಗಿ 100ರ ಸುತ್ತಮುತ್ತ ಅಥವಾ ಅದಕ್ಕಿಂತ ಕಡಿಮೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 500ರವರೆಗೆ ತಕರಾರಿಲ್ಲ. ಅಂಥ ನೀರಿಗೆ ಆರ್‌ಒ ಹಾಕಿ ಅರ್ಧ ನೀರನ್ನು ಚರಂಡಿಗೆ ಬಿಡುವುದು ಅನ್ಯಾಯ. ಕಬ್ಬಿಣ ತೆಗೆದು, ಪಿಎಚ್ ಸರಿಮಾಡಿ, ಯುಎಫ್ (ಸಣ್ಣ ರಂಧ್ರದ ನಾರುಗಳ ಫಿಲ್ಟರ್) ಮತ್ತು ಯುವಿ (ರೋಗಾಣು ಕೊಲ್ಲುವ ದೀಪ) ಇಟ್ಟರೆ ಸಾಕು. ಆರ್‌ಒ ಬೇಕಾಗುವುದು ಕರಾವಳಿ ಪಟ್ಟಿಯಲ್ಲಿ, ಹೊಳೆಬಾಯಿಗಳ ಹತ್ತಿರ, ಬೇಸಿಗೆಯಲ್ಲಿ ಉಪ್ಪು ಒಳಗೆ ಬರುವ ಕಡೆ.

ಕೈ ಹಾಕುವ ಮುನ್ನ

ಪಂಪಿನ ಎಂಸಿಬಿ ಆಫ್ ಮಾಡಿ, ಬೇರೆ ಯಾರೂ ಹಾಕದಂತೆ ಟೇಪ್ ಅಂಟಿಸಿ. ರಿಜೆಕ್ಟ್ (ಮೆಂಬ್ರೇನ್ ದಾಟದೆ ಹೊರಹೋಗುವ ಉಪ್ಪು ನೀರು) ವಾಲ್ವ್ ಪೂರ್ತಿ ತೆರೆದು ಗೇಜ್ ಸೊನ್ನೆಗೆ ಬಂದ ಮೇಲೆಯೇ ಹೌಸಿಂಗ್ (ಮೆಂಬ್ರೇನ್ ಇರುವ ಕೊಳವೆ) ಬಿಚ್ಚಬೇಕು. 10 ಬಾರ್ ಒತ್ತಡದಲ್ಲಿ ಎಂಡ್ ಕ್ಯಾಪ್ ಹಾರಿ ಬಂದರೆ ಮುಖ ಉಳಿಯುವುದಿಲ್ಲ. ಒದ್ದೆ ನೆಲ, ಮೂರು ಫೇಸಿನ ಮೋಟಾರು ಜೊತೆಗಿರುತ್ತವೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಬ್ಲೀಚಿಂಗ್ ಪೌಡರ್ ಮತ್ತು ಆ್ಯಸಿಡ್ ಒಂದೇ ಬಕೆಟ್ಟಿಗೆ ಎಂದಿಗೂ ಬೀಳಬಾರದು. ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಪಂಪ್ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಎರಡನ್ನೂ ಬೇರೆ ಬೇರೆ ಜಾಗದಲ್ಲಿ ಇಡಿ.

ಮೊದಲು ಈ ಅಳತೆಗಳು

ಬರೀ ಟಿಡಿಎಸ್ ಮೀಟರ್ ಹಿಡಿದು ಮೆಂಬ್ರೇನಿನ ಆರೋಗ್ಯ ಹೇಳಲಾಗದು. ಕಬ್ಬಿಣದಿಂದ ಅರ್ಧ ಕಟ್ಟಿದ ಮೆಂಬ್ರೇನ್ ಕೂಡ ಚಂದದ ಟಿಡಿಎಸ್ ಕೊಡುತ್ತಿರುತ್ತದೆ. ಬೇಕಾದದ್ದು ಇಷ್ಟು: ಒಳಗೆ ಹೋಗುವ ನೀರು, ಶುದ್ಧ ನೀರು, ರಿಜೆಕ್ಟ್, ಈ ಮೂರರ ಟಿಡಿಎಸ್. ಶುದ್ಧ ನೀರು ಮತ್ತು ರಿಜೆಕ್ಟಿನ ಹರಿವು. ಮೆಂಬ್ರೇನಿಗೆ ಹೋಗುವ ಮತ್ತು ಅಲ್ಲಿಂದ ಹೊರಬರುವ ಒತ್ತಡ. ನೀರಿನ ಉಷ್ಣತೆ.

ಹರಿವಿಗೆ ರೋಟಾಮೀಟರ್ ನಂಬಬೇಡಿ. ನಮ್ಮ ನೀರಿನಲ್ಲಿ ಅದರ ಗಾಜು ಕಂದಾಗಿ ಫ್ಲೋಟ್ ಅಂಟಿಕೊಳ್ಳುತ್ತದೆ. 20 ಲೀಟರಿನ ಕ್ಯಾನ್ ಇಟ್ಟು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯಿರಿ. 72 ಸೆಕೆಂಡಿಗೆ ತುಂಬಿದರೆ ಗಂಟೆಗೆ 1000 ಲೀಟರ್. 80 ಸೆಕೆಂಡಾದರೆ 900.

ಗೇಜುಗಳದ್ದೂ ಅದೇ ಕತೆ. ಅನುಮಾನ ಬಂದರೆ ಎರಡು ಗೇಜನ್ನೂ ತೆಗೆದು ಅದಲು ಬದಲು ಮಾಡಿ ಹಾಕಿ. ವ್ಯತ್ಯಾಸ ಗೇಜಿನ ಜೊತೆ ಜಾಗ ಬದಲಿಸಿದರೆ ತಪ್ಪು ಗೇಜಿನದ್ದು, ಮೆಂಬ್ರೇನಿನದ್ದಲ್ಲ. ಅಕ್ಕಪಕ್ಕದ ಎರಡು ಗೇಜುಗಳ ಚಿಕ್ಕ ವ್ಯತ್ಯಾಸದ ಮೇಲೆಯೇ ಮುಂದಿನ ಲೆಕ್ಕವೆಲ್ಲ ನಿಂತಿರುವುದರಿಂದ ಈ ಐದು ನಿಮಿಷದ ಕೆಲಸ ಬಿಡಬೇಡಿ.

ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಉಷ್ಣತೆ ಒಂದು ಡಿಗ್ರಿ ಏರಿದರೆ ಶುದ್ಧ ನೀರು ಸುಮಾರು 3 ಶೇಕಡಾ ಜಾಸ್ತಿ ಬರುತ್ತದೆ. ಬಾವಿಯ ನೀರು ವರ್ಷವಿಡೀ 27, 28 ಡಿಗ್ರಿಯಲ್ಲಿರುವುದು ನಮ್ಮ ಅದೃಷ್ಟ. ಆದರೆ ಟೆರೇಸಿನ ಕಪ್ಪು ಟ್ಯಾಂಕಿನಿಂದ ನೀರು ಬರುತ್ತಿದ್ದರೆ ಮಧ್ಯಾಹ್ನ ಅದು 34 ಡಿಗ್ರಿಯೂ ಆಗಿರಬಹುದು. ಆಗ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಐದನೇ ಒಂದು ಪಾಲು ವ್ಯತ್ಯಾಸ ಸುಮ್ನೆ ಬರುತ್ತದೆ. ಮೆಂಬ್ರೇನಿಗೂ ಅದಕ್ಕೂ ಸಂಬಂಧವಿಲ್ಲ.

ಲಕ್ಷಣ: ನೀರು ಕಡಿಮೆ, ಆದರೆ ರುಚಿ ಮತ್ತು ಟಿಡಿಎಸ್ ಮೊದಲಿನಂತೆಯೇ

ಎಲ್ಲಕ್ಕಿಂತ ಜಾಸ್ತಿ ಬರುವ ದೂರು ಇದು. ಮೊದಲು ಕಾರ್ಟ್ರಿಜ್ ನೋಡಿ. ಹೊಸ ಕಾರ್ಟ್ರಿಜ್ ಹಾಕಿದಾಗ ಅದರ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ 0.2 ಬಾರಿನಷ್ಟಿರುತ್ತದೆ. ಅದು 0.7 ದಾಟಿದರೆ ಬದಲಿಸಿ. ಇಷ್ಟರಲ್ಲೇ ಹೈ ಪ್ರೆಶರ್ ಪಂಪಿಗೆ ನೀರು ಸಾಲದೆ ಅದು ಆಗಾಗ ಆಫ್ ಆಗುತ್ತಿರಬಹುದು, ಅಥವಾ ಜಲ್ಲಿ ತುಂಬಿದಂತೆ ಸದ್ದು ಮಾಡುತ್ತಿರಬಹುದು. ಸ್ಯಾಂಡ್ ಫಿಲ್ಟರ್ ಬ್ಯಾಕ್‌ವಾಶ್ (ನೀರನ್ನು ಉಲ್ಟಾ ಹರಿಸಿ ತೊಳೆಯುವುದು) ಆಗಿ ಎಷ್ಟು ಕಾಲವಾಯಿತು ಅಂತ ಕೇಳಿ. ರಿಜೆಕ್ಟ್ ವಾಲ್ವನ್ನು ಯಾರಾದರೂ ತಿರುಗಿಸಿದ್ದಾರಾ ಅಂತಲೂ ನೋಡಿ. ಇವೆಲ್ಲ ಖರ್ಚಿಲ್ಲದ ಕೆಲಸಗಳು.

ಅಲ್ಲೇನೂ ಸಿಗದಿದ್ದರೆ ಲೆಕ್ಕಕ್ಕೆ ಕೂರಬೇಕು. ಯಾಕೆಂದರೆ ಕಟ್ಟುತ್ತಿರುವ ಮೆಂಬ್ರೇನ್ ತನ್ನನ್ನು ಮುಚ್ಚಿಟ್ಟುಕೊಳ್ಳುತ್ತದೆ. ನೀರು ಕಡಿಮೆಯಾಯಿತು ಅಂತ ನಾವು ರಿಜೆಕ್ಟ್ ವಾಲ್ವನ್ನು ಸ್ವಲ್ಪ ಮುಚ್ಚುತ್ತೇವೆ. ಒತ್ತಡ ಏರುತ್ತದೆ, ನೀರು ಮತ್ತೆ ಸರಿಯಾಗುತ್ತದೆ. ಕಣ್ಣಿಗೆ ಏನೂ ಆಗಿಲ್ಲ. ಒಳಗೆ ಆಗಿರುತ್ತದೆ.

ಒಂದು ಲೆಕ್ಕ ನೋಡಿ. ಮೆಂಬ್ರೇನ್ ಹೊಸದಿದ್ದಾಗ ಒಳ ಒತ್ತಡ 10 ಬಾರ್, ಹೊರ ಒತ್ತಡ 9.4. ಸರಾಸರಿ 9.7. ಇದರಲ್ಲಿ ಉಪ್ಪು ಎದುರಿಗೆ ತಳ್ಳುವ ಒತ್ತಡವನ್ನು ಕಳೆಯಬೇಕು. ಪ್ರತಿ 1000 ಟಿಡಿಎಸ್‌ಗೆ ಸುಮಾರು 0.7 ಬಾರ್ ಅಂತ ಹಿಡಿದರೆ ಸಾಕು. ಒಳ ನೀರು 1000, ರಿಜೆಕ್ಟ್ 2000, ಸರಾಸರಿ 1500 ಇದ್ದರೆ ಸುಮಾರು 1.1 ಬಾರ್. ಉಳಿದದ್ದು 8.6. ಶುದ್ಧ ನೀರು ಗಂಟೆಗೆ 1000 ಲೀಟರ್ ಬರುತ್ತಿತ್ತು. ಅಂದರೆ ಒಂದು ಬಾರ್‌ಗೆ 116 ಲೀಟರ್.

ಈಗ ಒಳ ಒತ್ತಡ 12, ಹೊರಗೆ 11, ನೀರು 950 ಲೀಟರ್, ಟಿಡಿಎಸ್ ಹಾಗೇ ಇದೆ ಅನ್ನಿ. ಸರಾಸರಿ 11.5ರಲ್ಲಿ 1.1 ಕಳೆದರೆ 10.4. ಒಂದು ಬಾರ್‌ಗೆ ಬರುತ್ತಿರುವುದು 91 ಲೀಟರ್. ಕ್ಯಾನ್ ಹಿಡಿದವರಿಗೆ ಕಂಡದ್ದು 5 ಶೇಕಡಾ ಕೊರತೆ. ಮೆಂಬ್ರೇನ್ ಕಳೆದುಕೊಂಡದ್ದು 21 ಶೇಕಡಾಕ್ಕಿಂತ ಜಾಸ್ತಿ.

ಒಂದು ಬಾರ್‌ಗೆ ಬರುವ ನೀರು 10ರಿಂದ 15 ಶೇಕಡಾ ಇಳಿದಾಗಲೇ ತೊಳೆಯಬೇಕು. ಮೆಂಬ್ರೇನಿನ ಒಳ ಹೊರ ಒತ್ತಡದ ವ್ಯತ್ಯಾಸ 15 ಶೇಕಡಾ ಏರಿದರೂ, ಉಪ್ಪು ದಾಟುವ ಪ್ರಮಾಣ 10 ಶೇಕಡಾ ಏರಿದರೂ ಹಾಗೆಯೇ. ಅದಕ್ಕಿಂತ ತಡ ಮಾಡಿದರೆ ಕೊಳೆ ಗಟ್ಟಿಯಾಗಿ ಕೂರುತ್ತದೆ, ತೊಳೆದರೂ ಪೂರ್ತಿ ಬಿಡುವುದಿಲ್ಲ. ಮೇಲಿನ ಪ್ಲಾಂಟ್ ಆ ಗಡಿಯನ್ನು ಯಾವಾಗಲೋ ದಾಟಿ ಹೋಗಿದೆ.

ಲಕ್ಷಣ: ಮಾರ್ಚ್ ಕಳೆದ ಮೇಲೆ ನೀರೂ ಕಡಿಮೆ, ಶುದ್ಧ ನೀರಿನ ಟಿಡಿಎಸ್ಸೂ ಜಾಸ್ತಿ

ಕರಾವಳಿಯಲ್ಲಿ ಇದು ಕಂಡ ಕೂಡಲೇ ಮೆಂಬ್ರೇನಿಗೆ ಬೈಯಬೇಡಿ. ಬಾವಿ ನೀರಿನ ಟಿಡಿಎಸ್ ನೋಡಿ. ಹೊಳೆಯಲ್ಲಿ ಸಿಹಿನೀರಿನ ಹರಿವು ಇಳಿದಾಗ ಉಬ್ಬರದ ನೀರು ಮೇಲಕ್ಕೆ ನುಗ್ಗುತ್ತದೆ, ದಡದ ಬಾವಿಗಳಿಗೂ ಉಪ್ಪು ತಟ್ಟುತ್ತದೆ. ಚಂದ್ರಗಿರಿ ಹೊಳೆಯ ದಡದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೇಲಿನ ಅದೇ ಹೊಸ ಮೆಂಬ್ರೇನನ್ನೇ ತೆಗೆದುಕೊಳ್ಳಿ. ಬಾವಿ ನೀರು 1000ದಿಂದ 2500ಕ್ಕೆ ಏರಿತು ಅಂದುಕೊಳ್ಳಿ. ಒತ್ತಡ ಬದಲಿಸಿಲ್ಲ. ಉಪ್ಪಿನ ಎದುರು ಒತ್ತಡ ಸುಮಾರು 2.4 ಬಾರಿಗೆ ಏರುತ್ತದೆ. ಹರಿವು 840 ಲೀಟರಿನ ಹತ್ತಿರಕ್ಕೆ ಇಳಿಯುತ್ತದೆ. ಒಂದು ಚೂರೂ ಕೊಳೆ ಕಟ್ಟದೆ 16 ಶೇಕಡಾ ನೀರು ಹೋಯಿತು.

ಟಿಡಿಎಸ್ ಕೂಡ ಹಾಗೆಯೇ. ಒಳ ನೀರಿನ 1000ಕ್ಕೆ ಶುದ್ಧ ನೀರಿನಲ್ಲಿ 30 ಬರುತ್ತಿದ್ದರೆ ಉಪ್ಪು ದಾಟುವ ಪ್ರಮಾಣ 3 ಶೇಕಡಾ. 2500ಕ್ಕೆ 75 ಬಂದರೂ ಅದೇ 3 ಶೇಕಡಾ. ಮೆಂಬ್ರೇನ್ ತನ್ನ ಕೆಲಸ ಮಾಡುತ್ತಲೇ ಇದೆ. ಇಂಥ ಹೊತ್ತಿನಲ್ಲಿ ಕೆಮಿಕಲ್ ಹಾಕಿ ತೊಳೆಯುವುದು ದಂಡ. ಮೋಟಾರಿನ ಮೇಲೆ ಹೊರೆ ಹಾಕಿ ಒತ್ತಡ ಏರಿಸುವ ಬದಲು ಬಾವಿಯಿಂದ ಒಮ್ಮೆಗೇ ಜಾಸ್ತಿ ಎತ್ತುವುದನ್ನು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕಾರು ಸಲ ಎತ್ತಿ. ಜೋರಾಗಿ ಎತ್ತಿದಷ್ಟೂ ಕೆಳಗಿನ ಉಪ್ಪು ನೀರು ಮೇಲಕ್ಕೆ ಬರುತ್ತದೆ.

ಲಕ್ಷಣ: ಬಿಳಿ ಕಾರ್ಟ್ರಿಜ್ ಬೇಗ ಕೆಂಪಾಗುತ್ತದೆ, ಒತ್ತಡದ ವ್ಯತ್ಯಾಸ ಏರುತ್ತಿದೆ

ಇದು ನಮ್ಮ ಊರಿನದ್ದೇ ರೋಗ. ಮುರಕಲ್ಲಿನ ಬಣ್ಣವೇ ಕಬ್ಬಿಣದ್ದು, ಅಲ್ವಾ? ಕಬ್ಬಿಣ ಎರಡು ರೂಪದಲ್ಲಿ ಬರುತ್ತದೆ. ನೀರಿನಲ್ಲಿ ಕರಗಿದ್ದು ಕಣ್ಣಿಗೆ ಕಾಣದು, 5 ಮೈಕ್ರಾನಿನ ಕಾರ್ಟ್ರಿಜನ್ನು ಸಲೀಸಾಗಿ ದಾಟುತ್ತದೆ. ಗಾಳಿ ತಾಗಿ ತುಕ್ಕಾದದ್ದು ಕಂದು ಹುಡಿಯಾಗಿ ಕಾಣುತ್ತದೆ, ಫಿಲ್ಟರಿನಲ್ಲಿ ನಿಲ್ಲುತ್ತದೆ. ಅಪಾಯ ಇರುವುದು ಮೊದಲನೆಯದರಲ್ಲಿ. ಅದು ಕರಗಿಯೇ ಮೆಂಬ್ರೇನಿನವರೆಗೆ ಹೋಗಿ, ಅಲ್ಲಿ ಸ್ವಲ್ಪ ಗಾಳಿ ಸಿಕ್ಕಿದರೂ ತುಕ್ಕಾಗಿ ಕೂರುತ್ತದೆ.

ಇದನ್ನು ಹಿಡಿಯಲು ಮೂರು ಗಾಜಿನ ಬಾಟಲಿ ಸಾಕು. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಸ್ಯಾಂಡ್ ಫಿಲ್ಟರ್ ದಾಟಿದ ನೀರು, ಮೂರನೆಯದಕ್ಕೆ ಕಾರ್ಟ್ರಿಜ್ ದಾಟಿದ ನೀರು. ಮುಕ್ಕಾಲು ತುಂಬಿಸಿ, ಚೆನ್ನಾಗಿ ಕುಲುಕಿ, ಮುಚ್ಚಳ ಸಡಿಲ ಬಿಟ್ಟು ಕಿಟಕಿಯ ಹತ್ತಿರ ಇಡಿ. ಮಾರನೇ ದಿನ, ಅದರ ಮಾರನೇ ದಿನ ನೋಡಿ. ಹುಳಿ ನೀರಿನಲ್ಲಿ ಕಬ್ಬಿಣ ನಿಧಾನಕ್ಕೆ ತುಕ್ಕಾಗುವುದರಿಂದ ಒಂದೇ ರಾತ್ರಿಗೆ ತೀರ್ಮಾನ ಬೇಡ. ಮೂರನೇ ಬಾಟಲಿಯ ತಳದಲ್ಲೂ ಕೇಸರಿ ಗಸಿ ಕೂತರೆ ನಿಮ್ಮ ಮೆಂಬ್ರೇನ್ ದಿನಾ ಅದನ್ನೇ ಕುಡಿಯುತ್ತಿದೆ. ಮೆಂಬ್ರೇನಿಗೆ ಹೋಗುವ ನೀರಿನಲ್ಲಿ ಕಬ್ಬಿಣ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಇಷ್ಟು ಚಿಕ್ಕ ಪ್ರಮಾಣ ಬಾಟಲಿಯಲ್ಲಿ ಕಾಣುವುದಿಲ್ಲ, ಅದಕ್ಕೆ ಲ್ಯಾಬ್ ಬೇಕು. ಬಾಟಲಿಯಲ್ಲೇ ಕಂಡರೆ ಗಡಿಯನ್ನು ಬಹಳ ಮೀರಿದೆ ಅಂತಲೇ ಅರ್ಥ.

ಹಳೇ ಕಾರ್ಟ್ರಿಜನ್ನು ಬಿಸಾಡಬೇಡಿ. ಚೂರಿಯಿಂದ ಉದ್ದಕ್ಕೆ ಸೀಳಿ ನೋಡಿ. ಹೊರಗಿನ ಪದರ ಮಾತ್ರ ಕೆಂಪು, ಒಳಗೆ ಬಿಳಿ ಇದ್ದರೆ ಹುಡಿ ಅಲ್ಲೇ ನಿಂತಿದೆ, ಒಳ್ಳೆಯದು. ನಡುವಿನ ಕೊಳವೆಯವರೆಗೂ ಒಂದೇ ಸಮ ಕಂದಾಗಿದ್ದರೆ ಕರಗಿದ ಕಬ್ಬಿಣ ಒಳಗೆ ಹೋಗಿ ತುಕ್ಕಾಗಿದೆ. ಬೆರಳಲ್ಲಿ ತಿಕ್ಕಿ ನೋಡಿ. ಹುಡಿ ಹುಡಿಯಾಗಿ ಬೆರಳಿಗೆ ಬಣ್ಣ ಹತ್ತಿದರೆ ಕಬ್ಬಿಣ. ಕರಕರ ಅಂದರೆ ಮರಳು, ಅಂದರೆ ಸ್ಯಾಂಡ್ ಫಿಲ್ಟರಿನ ಒಳಗಿನ ಜಾಲರಿ ಒಡೆದಿರಬಹುದು. ಕಪ್ಪು ಹುಡಿ ಬಂದರೆ ಕಾರ್ಬನ್ ಫಿಲ್ಟರಿನದ್ದು, ಇಲ್ಲವೇ ಮ್ಯಾಂಗನೀಸ್. ಜಾರುವ ಕೆಂಪು ಲೋಳೆಯಾಗಿದ್ದರೆ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾ ಸೇರಿಕೊಂಡಿದೆ.

ಆ ಬ್ಯಾಕ್ಟೀರಿಯಾ ಬಾವಿಯಲ್ಲೋ ಸುರಂಗದ ಬಾಯಲ್ಲೋ ಇದ್ದರೆ ನಿಂತ ನೀರಿನ ಮೇಲೆ ಬಣ್ಣ ಬಣ್ಣದ ತೆಳು ಪೊರೆ ಹೊಳೆಯುತ್ತದೆ. ಡೀಸೆಲ್ ಬಿದ್ದಿದೆ ಅಂತ ಗಾಬರಿಯಾಗುವವರಿದ್ದಾರೆ. ಒಂದು ಕಡ್ಡಿಯಿಂದ ಪೊರೆಯನ್ನು ಗೀರಿ. ಚೂರು ಚೂರಾಗಿ ಒಡೆದು ಹಾಗೇ ನಿಂತರೆ ಬ್ಯಾಕ್ಟೀರಿಯಾದ ಪೊರೆ. ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಂಡರೆ ಎಣ್ಣೆ. ಎಣ್ಣೆಯಾಗಿದ್ದರೆ ಆ ನೀರನ್ನು ಪ್ಲಾಂಟಿಗೆ ಬಿಡಬೇಡಿ, ಕುಡಿಯಲೂ ಬೇಡಿ.

ಪರಿಹಾರ ಮೆಂಬ್ರೇನಿನಲ್ಲಿಲ್ಲ, ನೀರು ಅದಕ್ಕೆ ಬರುವ ಮೊದಲಿನ ಫಿಲ್ಟರುಗಳಲ್ಲಿದೆ. ಪಿಎಚ್ ಏರಿಸದೆ ಬರೀ ಗಾಳಿ ಊದಿದರೆ ಕಬ್ಬಿಣ ಸರಿಯಾಗಿ ಬೀಳುವುದಿಲ್ಲ. ಪಿಎಚ್ ಒಂದು ಅಂಕ ಇಳಿದರೆ ತುಕ್ಕಾಗುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ‘ಐರನ್ ರಿಮೂವರ್ ಹಾಕಿದ್ದೇವೆ, ಆದರೂ ಕೆಂಪು’ ಅನ್ನುವ ಕಡೆಗಳಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಪಿಎಚ್ ಎಷ್ಟು ಅಂತ. ಸುಣ್ಣದ ಕಲ್ಲಿನ ಹರಳು ತುಂಬಿದ ಫಿಲ್ಟರ್ ದಾಟಿಸಿ ಪಿಎಚ್ 7ರ ಮೇಲೆ ತಂದು, ಆಮೇಲೆ ಗಾಳಿ, ಆಮೇಲೆ ಐರನ್ ಫಿಲ್ಟರ್ ಬರಬೇಕು.

ಎಸ್‌ಡಿಐ: ಕೆಸರಿನ ಅಳತೆ

ನೀರು ಕಣ್ಣಿಗೆ ತಿಳಿಯಾಗಿದೆ, ಆದರೂ ಮೆಂಬ್ರೇನ್ ಕಟ್ಟುತ್ತಿದೆ. ಇಂಥಲ್ಲಿ ಎಸ್‌ಡಿಐ (ಸಿಲ್ಟ್ ಡೆನ್ಸಿಟಿ ಇಂಡೆಕ್ಸ್, ನೀರಿನ ಸಣ್ಣ ಕೆಸರು ಎಷ್ಟು ಬೇಗ ಫಿಲ್ಟರ್ ಕಟ್ಟುತ್ತದೆ ಅನ್ನುವ ಅಂಕ) ಪರೀಕ್ಷೆ ಮಾಡಬೇಕು. ಕಿಟ್ ದೊಡ್ಡ ದುಬಾರಿಯ ವಸ್ತುವೇನಲ್ಲ, ನಾಲ್ಕಾರು ಪ್ಲಾಂಟಿನವರು ಸೇರಿ ಒಂದು ಇಟ್ಟುಕೊಳ್ಳಬಹುದು.

47 ಮಿಲಿಮೀಟರ್ ಅಗಲದ, 0.45 ಮೈಕ್ರಾನಿನ ಬಿಳಿ ಫಿಲ್ಟರ್ ಹಾಳೆಯ ಮೂಲಕ 2.1 ಬಾರ್ ಒತ್ತಡದಲ್ಲಿ ನೀರು ಹಾಯಿಸಬೇಕು. ಮೊದಲ 500 ಮಿಲಿಲೀಟರ್ ತುಂಬಲು ಹಿಡಿದ ಸೆಕೆಂಡು ಬರೆದುಕೊಳ್ಳಿ. ನೀರು ನಿಲ್ಲಿಸದೆ 15 ನಿಮಿಷ ಬಿಟ್ಟು ಮತ್ತೆ 500 ಮಿಲಿಲೀಟರಿಗೆ ಎಷ್ಟು ಹಿಡಿಯಿತು ನೋಡಿ. ಮೊದಲು 30 ಸೆಕೆಂಡು, ಆಮೇಲೆ 75 ಅನ್ನಿ. 30ನ್ನು 75ರಿಂದ ಭಾಗಿಸಿದರೆ 0.4. ಅದನ್ನು 1ರಿಂದ ಕಳೆದರೆ 0.6. 100ರಿಂದ ಗುಣಿಸಿ 15ರಿಂದ ಭಾಗಿಸಿದರೆ 4. ಇದು ಎಸ್‌ಡಿಐ. 3ರ ಕೆಳಗಿದ್ದರೆ ನಿಶ್ಚಿಂತೆ. 5 ಮೀರಿದರೆ ಆ ನೀರು ಆರ್‌ಒಗೆ ಹೋಗಬಾರದು. ಈ ಲೆಕ್ಕದಲ್ಲಿ ಬರಬಹುದಾದ ಅತಿ ದೊಡ್ಡ ಅಂಕ 6.67. ಹಾಗಾಗಿ 6 ಬಂತು ಅಂದರೆ ‘ಸ್ವಲ್ಪ ಜಾಸ್ತಿ’ ಅಂದುಕೊಳ್ಳಬಾರದು, ಹಾಳೆ ಬಹುತೇಕ ಮುಚ್ಚಿಹೋಗಿದೆ.

ಅಂಕದಷ್ಟೇ ಮುಖ್ಯ ಆ ಹಾಳೆಯ ಬಣ್ಣ. ಕೆಂಪು ಕಂದಾದರೆ ಕಬ್ಬಿಣ. ಅದರ ಮೇಲೆ ಒಂದು ಹನಿ ಸಿಟ್ರಿಕ್ ಆ್ಯಸಿಡ್ ದ್ರಾವಣ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಕಲೆ ಮಸುಕಾದರೆ ಅನುಮಾನವಿಲ್ಲ. ಬೂದು, ಮಣ್ಣಿನ ಬಣ್ಣವಾಗಿ ಆ್ಯಸಿಡ್ಡಿಗೂ ಜಗ್ಗದಿದ್ದರೆ ಜೇಡಿ. ತಿಳಿ ಹಳದಿ, ಚಹಾ ಬಣ್ಣವಾದರೆ ಕೊಳೆತ ಎಲೆ, ಬೇರುಗಳ ರಸ. ತೋಟದ ನಡುವಿನ ಕೆರೆ ನೀರಿನಲ್ಲಿ ಇದು ಬರುತ್ತದೆ. ಹಾಳೆಗಳನ್ನು ಒಣಗಿಸಿ, ದಿನಾಂಕ ಬರೆದು ಒಂದು ನೋಟ್‌ಬುಕ್ಕಿನಲ್ಲಿ ಅಂಟಿಸಿಡಿ. ಫೆಬ್ರವರಿಯ ಹಾಳೆ ಮತ್ತು ಜುಲೈಯ ಹಾಳೆ ಅಕ್ಕಪಕ್ಕ ಕಂಡರೆ ಮಳೆಗಾಲದಲ್ಲಿ ಬ್ಯಾಕ್‌ವಾಶ್ ಯಾಕೆ ದಿನಾ ಬೇಕು ಅಂತ ಕಮಿಟಿಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಲಕ್ಷಣ: ರಜೆ ಮುಗಿದು ಪ್ಲಾಂಟ್ ಹಾಕಿದಾಗ ವಾಸನೆ, ಹೌಸಿಂಗಿನಲ್ಲಿ ಲೋಳೆ

ಶಾಲೆಗಳಿಗೆ ಏಪ್ರಿಲ್, ಮೇ ರಜೆ. ಪ್ಲಾಂಟ್ ಸುಮ್ಮನೆ ನಿಂತಿರುತ್ತದೆ. ಬೆಚ್ಚಗಿನ ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಲೋಳೆ ಕಟ್ಟುತ್ತದೆ. ಜೂನಿನಲ್ಲಿ ಸ್ವಿಚ್ ಹಾಕಿದಾಗ ಮುಗ್ಗಿದ ವಾಸನೆ. ಒತ್ತಡದ ವ್ಯತ್ಯಾಸ ಎಲ್ಲಕ್ಕಿಂತ ಮೊದಲು ಏರುತ್ತದೆ, ಟಿಡಿಎಸ್ ಬಹುಮಟ್ಟಿಗೆ ಹಾಗೇ ಇರುತ್ತದೆ. ಕಾರ್ಟ್ರಿಜ್ ಹೌಸಿಂಗಿನ ಒಳಗೋಡೆಯನ್ನು ಬೆರಳಿನಿಂದ ಸವರಿ ನೋಡಿ. ಜಾರಿದರೆ ಮೆಂಬ್ರೇನಿನಲ್ಲೂ ಅದೇ ಇದೆ.

ಈ ನೀರನ್ನು ಮಕ್ಕಳಿಗೆ ಕೊಡಬೇಡಿ. ಇದರಲ್ಲಿ ರಾಜಿ ಇಲ್ಲ. ಆರ್‌ಒ ದಾಟಿದ ನೀರು ತಾನಾಗಿಯೇ ಬ್ಯಾಕ್ಟೀರಿಯಾ ಮುಕ್ತ ಅನ್ನುವುದು ತಪ್ಪು ನಂಬಿಕೆ. ಶುದ್ಧ ನೀರಿನ ಟ್ಯಾಂಕಿನಲ್ಲಿ, ಪೈಪಿನಲ್ಲಿ ಲೋಳೆ ಬೆಳೆದಿರುತ್ತದೆ. ಪ್ಲಾಂಟ್ ತೊಳೆದು, ಟ್ಯಾಂಕ್ ತೊಳೆದು, ಲ್ಯಾಬಿನಲ್ಲಿ ಕೋಲಿಫಾರ್ಮ್ ಮತ್ತು ಇ ಕೋಲಿ ಬ್ಯಾಕ್ಟೀರಿಯಾಗಳ ಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆ ಕೊಡಿ. ಕೇರಳ ವಾಟರ್ ಅಥಾರಿಟಿಯ ಲ್ಯಾಬುಗಳಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಅಲ್ಲಿಯವರೆಗೆ ಕುದಿಸಿದ ನೀರು.

ತೊಳೆಯುವಾಗ ಲೋಳೆಗೆ ಮೊದಲು ಕ್ಷಾರ (ಕಾಸ್ಟಿಕ್ ಸೋಡ), ಆಮೇಲೆ ಬೇಕಿದ್ದರೆ ಆ್ಯಸಿಡ್. ಬಹಳ ಕಡೆ ತಿರುಗಾಮುರುಗಾ ಮಾಡುತ್ತಾರೆ. ಆ್ಯಸಿಡ್ ಮೊದಲು ಬಿದ್ದರೆ ಲೋಳೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಕ್ಷಾರಕ್ಕೂ ಬಿಡುವುದಿಲ್ಲ.

ಮುಂದಿನ ರಜೆಗೆ ಪ್ಲಾಂಟ್ ನಿಲ್ಲಿಸುವ ದಿನ ಶುದ್ಧ ನೀರಿನಿಂದಲೇ ಮೆಂಬ್ರೇನನ್ನು ತೊಳೆದು, 1 ಶೇಕಡಾ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿ ಮುಚ್ಚಿಡಿ. ತಿಂಗಳಿಗೊಮ್ಮೆ ಬದಲಿಸಿ. ಎರಡು ದಿನದ ರಜೆಗಾದರೆ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿದರೆ ಸಾಕು.

ಲಕ್ಷಣ: ನೀರು ಮೊದಲಿಗಿಂತ ಜಾಸ್ತಿ ಬರುತ್ತಿದೆ, ಟಿಡಿಎಸ್ಸೂ ಏರಿದೆ

ನೀರು ಜಾಸ್ತಿ ಬಂದರೆ ಯಾರೂ ದೂರು ಕೊಡುವುದಿಲ್ಲ. ಆದರೆ ಇದೇ ಅತಿ ಕೆಟ್ಟ ಲಕ್ಷಣ. ಇದು ಕಟ್ಟಿದ್ದಲ್ಲ, ತೂತಾದದ್ದು. ತೊಳೆದರೆ ಏನೂ ಆಗದು, ಇನ್ನಷ್ಟು ಕೆಡಬಹುದು.

ಮೊದಲು ಅಗ್ಗದ ಕಾರಣ ನೋಡಿ. ಪ್ರತಿ ಹೌಸಿಂಗಿನಿಂದ ಬರುವ ಶುದ್ಧ ನೀರಿನ ಟಿಡಿಎಸ್ ಬೇರೆ ಬೇರೆಯಾಗಿ ಅಳೆಯಿರಿ. ಒಂದರಲ್ಲಿ ಮಾತ್ರ ಜಾಸ್ತಿ ಇದ್ದರೆ ಅಲ್ಲಿನ ಓ ರಿಂಗ್ ತುಂಡಾಗಿರಬಹುದು ಅಥವಾ ತಿರುಚಿ ಕೂತಿರಬಹುದು. ಒಂದು ಸಣ್ಣ ರಬ್ಬರ್ ಬಳೆಯ ಖರ್ಚು, ಅಷ್ಟೆ. ಹಾಕುವಾಗ ಗ್ರೀಸ್ ಬೇಡ, ಗ್ಲಿಸರಿನ್ ಸವರಿ.

ಎಲ್ಲದರಲ್ಲೂ ಒಂದೇ ಸಮ ಏರಿದ್ದರೆ ಮೆಂಬ್ರೇನುಗಳನ್ನು ಕ್ಲೋರಿನ್ ತಿಂದಿದೆ. ನಮ್ಮ ಕಡೆ ಮಳೆಗಾಲದ ಶುರುವಿಗೆ, ಕಾಮಾಲೆ, ಇಲಿಜ್ವರದ ಸುದ್ದಿ ಬಂದಾಗ ಆರೋಗ್ಯ ಕಾರ್ಯಕರ್ತೆಯರು ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಾರೆ. ಅದು ಬಹಳ ಒಳ್ಳೆಯ ಕೆಲಸ, ಅದನ್ನು ತಡೆಯಬೇಡಿ. ಆದರೆ ಆರ್‌ಒ ಮೆಂಬ್ರೇನಿನ ಪಾಲಿಅಮೈಡ್ ಪದರ ಲೀಟರಿಗೆ 0.1 ಮಿಲಿಗ್ರಾಂ ಕ್ಲೋರಿನ್ನನ್ನೂ ಹೆಚ್ಚು ಕಾಲ ತಾಳದು. ನೀರಿನಲ್ಲಿ ಕಬ್ಬಿಣವೂ ಇದ್ದರೆ ಆ ಹಾನಿ ಇನ್ನೂ ಬೇಗ. ಜೊತೆಗೆ ಬ್ಲೀಚಿಂಗ್ ತಾಗಿದ ಕೂಡಲೇ ಕರಗಿದ ಕಬ್ಬಿಣವೆಲ್ಲ ತುಕ್ಕಾಗಿ ಬಾವಿ ನೀರೇ ಕಂದಾಗುತ್ತದೆ.

ಬಾವಿಗೆ ಬ್ಲೀಚಿಂಗ್ ಹಾಕಿದ ದಿನ ಪ್ಲಾಂಟ್ ಆಫ್. ಕ್ಲೋರಿನ್ ಕಿಟ್ಟಿನ ಹನಿ ಹಾಕಿ ಕಾರ್ಬನ್ ಫಿಲ್ಟರ್ ದಾಟಿದ ನೀರು ನೋಡಿ. ಚೂರು ಬಣ್ಣ ಬಂದರೂ ಮೆಂಬ್ರೇನಿಗೆ ಬಿಡಬೇಡಿ. ಕಾರ್ಬನ್ ಹಳತಾಗಿದ್ದರೆ ಅದು ಕ್ಲೋರಿನ್ ಹಿಡಿಯುವುದಿಲ್ಲ. ವಾರ್ಡಿನ ಆರೋಗ್ಯ ಕಾರ್ಯಕರ್ತೆಯ ಹತ್ತಿರ ‘ಹಾಕುವ ಹಿಂದಿನ ದಿನ ಒಂದು ಫೋನ್ ಮಾಡಿ’ ಅಂತ ಹೇಳಿಟ್ಟರೆ ಮೆಂಬ್ರೇನ್ ಉಳಿಯುತ್ತದೆ.

ಲಕ್ಷಣ: ಕೊನೆಯ ಮೆಂಬ್ರೇನಿನಲ್ಲಿ ಮಾತ್ರ ನೀರು ಕಡಿಮೆ, ಟಿಡಿಎಸ್ ಜಾಸ್ತಿ

ಇದು ಗಡ್ಡೆಗಟ್ಟುವ ಉಪ್ಪಿನ ಲಕ್ಷಣ. ಸಾಲಾಗಿ ಜೋಡಿಸಿದ ಮೆಂಬ್ರೇನುಗಳಲ್ಲಿ ನೀರು ಮುಂದೆ ಹೋದಂತೆ ಅದರ ಉಪ್ಪು ಗಟ್ಟಿಯಾಗುವುದರಿಂದ ಸುಣ್ಣ ಕೊನೆಯಲ್ಲಿ ಕೂರುತ್ತದೆ. ಕಬ್ಬಿಣ, ಕೆಸರು, ಲೋಳೆ ಮೊದಲನೆಯದರಲ್ಲಿ ಕೂರುತ್ತವೆ. ಮುರಕಲ್ಲಿನ ಬಾವಿಯಲ್ಲಿ ಇದು ಅಪರೂಪ. ಬಂದಿದ್ದರೆ ರಿಜೆಕ್ಟ್ ವಾಲ್ವ್ ಅತಿಯಾಗಿ ಮುಚ್ಚಿದ್ದಾರಾ, ಪಿಎಚ್ ಏರಿಸಲು ಸುಣ್ಣ ಜಾಸ್ತಿ ಬಿದ್ದಿದೆಯಾ ನೋಡಿ. ರಿಜೆಕ್ಟಿನ ಟಿಡಿಎಸ್ ಒಳ ನೀರಿನ ಎರಡು ಪಟ್ಟಿದ್ದರೆ ಅರ್ಧ ನೀರು ಶುದ್ಧವಾಗುತ್ತಿದೆ ಅಂತ. ನಾಲ್ಕು ಪಟ್ಟಾದರೆ ಮುಕ್ಕಾಲು. ಸಣ್ಣ ಪ್ಲಾಂಟಿಗೆ ಅದು ಅತಿಯಾಸೆ.

ಮನೆಯ ಯುಎಫ್ ಫಿಲ್ಟರಿನಲ್ಲಿ ಧಾರೆ ಸಣ್ಣದಾದರೆ

ಹೊಸತಿದ್ದಾಗ ಒಂದು ಲೀಟರ್ ತುಂಬಲು ಎಷ್ಟು ಸೆಕೆಂಡು ಅಂತ ಬರೆದಿಡಿ. ಕಟ್ಟಿದಾಗ ಅಳೆಯಿರಿ, ಬ್ಯಾಕ್‌ವಾಶ್ ಮಾಡಿ ಮತ್ತೆ ಅಳೆಯಿರಿ. ಬ್ಯಾಕ್‌ವಾಶ್‌ಗೆ ಧಾರೆ ಎಷ್ಟು ವಾಪಸು ಬಂತೋ ಅಷ್ಟು ಮೇಲ್ಮೈಯ ಕೊಳೆ. ಬಾರದೆ ಉಳಿದದ್ದು ರಂಧ್ರದೊಳಗೆ ಕೂತದ್ದು, ಅದಕ್ಕೆ ಸಿಟ್ರಿಕ್ ಆ್ಯಸಿಡ್ ನೆನೆ ಬೇಕು. ಯುಎಫ್ ನಾರು ಸಾಮಾನ್ಯವಾಗಿ ಕ್ಲೋರಿನ್ ತಾಳುತ್ತದೆ, ಆದರೂ ಫಿಲ್ಟರಿಗೆ ಅಂಟಿಸಿದ ಚೀಟಿ ಓದಿಯೇ ಹಾಕಿ.

ತೊಳೆಯುವಾಗ

ಶುದ್ಧ ನೀರಿನಲ್ಲೇ ದ್ರಾವಣ ಮಾಡಿ. ಕಬ್ಬಿಣಕ್ಕೆ 2 ಶೇಕಡಾ ಸಿಟ್ರಿಕ್ ಆ್ಯಸಿಡ್. ಲೋಳೆಗೆ 0.1 ಶೇಕಡಾ ಕಾಸ್ಟಿಕ್ ಸೋಡ, ಪಿಎಚ್ 12 ಮೀರದಂತೆ, ಉಷ್ಣತೆ 35 ಡಿಗ್ರಿ ಮೀರದಂತೆ. ಯಾವಾಗಲೂ ನೀರಿಗೆ ಕೆಮಿಕಲ್ ಹಾಕಬೇಕು, ಕೆಮಿಕಲ್ಲಿಗೆ ನೀರಲ್ಲ. ಕೈಗವಸು, ಕನ್ನಡಕ ಬೇಕೇ ಬೇಕು. ಕಾಸ್ಟಿಕ್ ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಬಿಡುತ್ತಲೇ ಇದ್ದು ಆಸ್ಪತ್ರೆಗೆ ಓಡಿ.

ಒತ್ತಡ ಕಡಿಮೆ ಇರಲಿ, 3–4 ಬಾರ್ ಸಾಕು. ಶುದ್ಧ ನೀರಿನ ಪೈಪನ್ನು ಟ್ಯಾಂಕಿನಿಂದ ಬಿಡಿಸಿ ಹೊರಗೆ ಬಿಡಿ. ಮೊದಲು ಬಂದ ಕೊಳಕು ದ್ರಾವಣವನ್ನು ಚೆಲ್ಲಿ, ಉಳಿದದ್ದನ್ನು ಪಂಪಿನಿಂದ ಮೆಂಬ್ರೇನಿನೊಳಗೆ ಮತ್ತೆ ಮತ್ತೆ ಸುತ್ತಿಸಿ, ಒಂದು ಗಂಟೆ ನೆನೆಯಲು ಬಿಟ್ಟು ಮತ್ತೆ ಸುತ್ತಿಸಿ. ದ್ರಾವಣದ ಬಣ್ಣ ನೋಡುತ್ತಾ ಇರಿ. ಸಿಟ್ರಿಕ್ ದ್ರಾವಣ ಕೆಂಪು ಚಹಾದಂತಾದರೆ ಕಬ್ಬಿಣ ಬಿಡುತ್ತಿದೆ. ಹೊಸ ದ್ರಾವಣವೂ ಹಾಗೇ ಆದರೆ ಇನ್ನೊಂದು ಸುತ್ತು ಬೇಕು. ಕ್ಷಾರ ಮತ್ತು ಆ್ಯಸಿಡ್‌ಗಳ ನಡುವೆ ಶುದ್ಧ ನೀರಿನಿಂದ ತೊಳೆಯಲೇಬೇಕು. ಕೊಳಕು ದ್ರಾವಣವನ್ನು ಪಿಎಚ್ 7ಕ್ಕೆ ತಂದು ಬಿಡಿ. ಅಡಿಕೆ ಬುಡಕ್ಕೂ ಬಾವಿ ಕಟ್ಟೆಯ ಹತ್ತಿರಕ್ಕೂ ಬೇಡ. ಎಲ್ಲ ಮುಗಿದ ಮೇಲೆ ಟಿಡಿಎಸ್ ಮತ್ತು ಪಿಎಚ್ ಮಾಮೂಲಿಗೆ ಬರುವವರೆಗೆ, ಕಡಿಮೆಯೆಂದರೆ ಒಂದು ಗಂಟೆ, ಶುದ್ಧ ನೀರನ್ನು ಚೆಲ್ಲಿ.

ಮತ್ತೆ ಒಂದು ಬಾರ್‌ಗೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕಿ. 116ರಿಂದ 91ಕ್ಕೆ ಇಳಿದದ್ದು 110ಕ್ಕೆ ಬಂದರೆ ತೊಳೆದದ್ದು ಫಲ ಕೊಟ್ಟಿದೆ. 95ರಲ್ಲೇ ನಿಂತರೆ ಕೆಮಿಕಲ್ ತಪ್ಪು, ಅಥವಾ ತಡವಾಗಿದೆ.

ಎಲ್ಲಿ ನಿಲ್ಲಿಸಿ ತಿಳಿದವರನ್ನು ಕರೆಯಬೇಕು

ಒಂದು ಮೆಂಬ್ರೇನಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ 1 ಬಾರ್ ಮುಟ್ಟಿದರೆ ಓಡಿಸಬೇಡಿ. ಒಳಗಿನ ಸುರುಳಿ ಉದ್ದಕ್ಕೆ ಜಾರಿ ಹೊರಬರುತ್ತದೆ. ಸರಿಯಾದ ಕ್ರಮದಲ್ಲಿ ಎರಡು ಸಲ ತೊಳೆದರೂ ಸುಧಾರಿಸದಿದ್ದರೆ ಮೂರನೇ ಸಲ ಬೇಡ. ಇ ಕೋಲಿ ಬಂದ ವರದಿ, ಪಂಪಿನ ಮೈಗೆ ಕರೆಂಟ್ ತಾಗುವುದು, ಹೌಸಿಂಗಿನಲ್ಲಿ ಬಿರುಕು, ಇವು ಮೂರಕ್ಕೂ ಪ್ಲಾಂಟ್ ಆಫ್ ಮಾಡಿ ಫೋನ್ ಮಾಡುವುದೇ ಕೆಲಸ.

ಬಂದವರು ‘ಬದಲಿಸಿ’ ಅಂದರೆ ಮೆಂಬ್ರೇನುಗಳನ್ನು ಹೊರತೆಗೆದು ಒಂದು ಗಂಟೆ ನಿಲ್ಲಿಸಿ ನೀರು ಬಸಿದು ತೂಗಲು ಹೇಳಿ. 4 ಇಂಚಿನ, 40 ಇಂಚು ಉದ್ದದ ಹೊಸ ಮೆಂಬ್ರೇನ್ ಬಸಿದ ಮೇಲೆ ಸುಮಾರು 4 ಕಿಲೋ ಇರುತ್ತದೆ. ಮೊದಲನೆಯದು ಭಾರವಾಗಿದ್ದರೆ ಕೆಸರು, ಕಬ್ಬಿಣ, ಲೋಳೆ. ಕೊನೆಯದು ಭಾರವಾಗಿದ್ದರೆ ಸುಣ್ಣ. ಎಲ್ಲವೂ ಹಗುರವಾಗಿಯೇ ಇದ್ದು ಟಿಡಿಎಸ್ ಏರಿದ್ದರೆ ಕ್ಲೋರಿನ್. ತೆಗೆದದ್ದರಲ್ಲಿ ಒಂದನ್ನು ಉದ್ದಕ್ಕೆ ಸೀಳಿ ಬಿಡಿಸಲು ಹೇಳಿ, ಹಾಳೆಯ ಮೇಲಿನ ಗಸಿಯನ್ನು ಚಮಚದಿಂದ ಕೆರೆದು ಬಾಟಲಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿ. ಆ ವರದಿ ಬಂದು, ಮೆಂಬ್ರೇನಿಗೆ ಮೊದಲಿನ ಫಿಲ್ಟರಿನ ದೋಷ ಸರಿಯಾಗುವವರೆಗೆ ಹೊಸ ಮೆಂಬ್ರೇನಿನ ಪ್ಯಾಕೆಟ್ ಒಡೆಯಬೇಡಿ.